ರಂಜಕದ ಸರ್

ಅವರ ಊಟದ ಡಬ್ಬಿಗೆ ಮೂರು ಅಂತಸ್ತು. ಮೇಲಿನ ಅಂತಸ್ತಿನ ಮುಚ್ಚಳಕ್ಕೆ ಬಿಳಿ ಟೆಫ್ಲಾನ್ ಪಟ್ಟಿಯನ್ನು ಎರಡು ಸುತ್ತು ಸುತ್ತಿರುತ್ತಿದ್ದರು. ನಲ್ಲಿ ಕೂಡಿಸುವವರು ನೀರು ಸೋರದಿರಲೆಂದು ಸುತ್ತುವ ಪಟ್ಟಿ ಅದು. ಒಂದು ಸುತ್ತಿಗೆ ಎಣ್ಣೆ ಸೋರುತ್ತದೆ, ಮೂರು ಸುತ್ತಿಗೆ ಮುಚ್ಚಳ ಕೂರುವುದಿಲ್ಲ. ಎರಡು ಎಂಬುದನ್ನು ಅವರು ಪ್ರಯೋಗ ಮಾಡಿ ಕಂಡುಕೊಂಡಿದ್ದರು.

ಒಳಗಿರುತ್ತಿದ್ದದ್ದು ರಂಜಕ. ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಉಪ್ಪು, ಮೆಂತ್ಯ, ಲಿಂಬೆರಸದೊಂದಿಗೆ ಅರೆದು, ಮೇಲೆ ಎಣ್ಣೆ ಬಿಟ್ಟು ಇಡುವ ಖಾರದ ಚಟ್ನಿಗೆ ನಮ್ಮ ಕಡೆ ಆ ಹೆಸರು. ಸರ್ ದಿನವೂ ಒಂದೂವರೆ ಗಂಟೆಗೆ ಅದನ್ನು ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದರು. ಎರಡು ಗಂಟೆಗೆ ಕೈ ತೊಳೆದು, ಕಣ್ಣೊರೆಸಿಕೊಂಡು, ಫಾಸ್ಫರಸ್ ಪಾಠಕ್ಕೆ ಹೋಗುತ್ತಿದ್ದರು. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಫಾಸ್ಫರಸ್ಸಿಗೂ ರಂಜಕ ಎಂದೇ ಹೆಸರು. ಎರಡೂ ಒಂದೇ ಶಬ್ದ ಎಂಬುದು ಮೂವತ್ತು ವರ್ಷ ಅವರ ಗಮನಕ್ಕೆ ಬಂದಿರಲಿಲ್ಲ. ಪ್ರಯೋಗಾಲಯದೊಳಗೆ ಊಟ ತರಬಾರದು ಎಂಬ ನಿಯಮವನ್ನು ಅವರು ತಲೆಯೊಳಗೂ ಪಾಲಿಸುತ್ತಿದ್ದರೆಂದು ಕಾಣುತ್ತದೆ.

ಸರ್ ಹೋದ ತಿಂಗಳು ತೀರಿಕೊಂಡರು. ನಿವೃತ್ತರಾಗಿ ಎರಡು ವರ್ಷವಾಗಿತ್ತು. ಫೋನು ಬಂದಾಗ ನಾನು ಬ್ಯುರೆಟ್ಟಿನ ಮುಂದೆ ನಿಂತಿದ್ದೆ. ರೀಡಿಂಗ್ ಬರೆದುಕೊಂಡು, ನಲ್ಲಿ ಮುಚ್ಚಿ, ಆಮೇಲೆ ಸ್ಟೂಲಿನ ಮೇಲೆ ಕೂತೆ. ಅವರ ಕೈಕೆಳಗೆ ಕೆಲಸ ಕಲಿತವರು ಬೇರೆ ರೀತಿ ಮಾಡಲಾರರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಜನ ಮೂರು ಬಗೆಯಾಗಿ ತಪ್ಪು ಬರೆಯುತ್ತಿದ್ದರು. ನಾಲ್ಕನೆಯದನ್ನು ಸೇರಿಸಲು ನನಗೆ ಇಷ್ಟವಿಲ್ಲ.

ಮಹಾರಾಷ್ಟ್ರದ ಗಡಿಯೊಳಗಿನ ಗಡಹಿಂಗ್ಲಜದ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರು. ಕೈಗೆ ಏನು ಕೊಟ್ಟರೂ ಮೊದಲು ಎಡ ಅಂಗೈಯಲ್ಲಿಟ್ಟು, ಎರಡು ಸಲ ಮೆಲ್ಲಗೆ ಎತ್ತಿ ಇಳಿಸಿ, ತೂಕ ಹೇಳುತ್ತಿದ್ದರು. ಕಾಲೇಜಿನ ಗುಮಾಸ್ತರು ತಮ್ಮ ಹದಿನೈದು ದಿನದ ಮಗುವನ್ನು ದುಪಟಿಯಲ್ಲಿ ಸುತ್ತಿ ಆಶೀರ್ವಾದಕ್ಕೆಂದು ತಂದಾಗಲೂ ಅಷ್ಟೇ ಆಯಿತು. "ಮೂರೂ ಕಾಲು ಕಿಲೋ," ಎಂದರು. ಮಗುವಿನ ತಾಯಿ ಇನ್ನೂ ಏನಾದರೂ ಹೇಳಬಹುದೆಂದು ಕಾದಳು. ಸರ್ ಸ್ವಲ್ಪ ಯೋಚಿಸಿ, "ದುಪಟಿ ಬಿಟ್ಟು," ಎಂದು ಸೇರಿಸಿದರು.

ಒಮ್ಮೆ ಕುರಿ ಹಿಕ್ಕೆಯ ಚೀಲ ಹಿಡಿದು ಕೊಲ್ಹಾಪುರದ ಬಸ್ಸು ಹತ್ತಿದ್ದೆವು. ಅದರಲ್ಲಿ ಎಷ್ಟು ಫಾಸ್ಫರಸ್ ಇದೆಯೆಂದು ಅಲ್ಲಿಯ ದೊಡ್ಡ ಯಂತ್ರದಲ್ಲಿ ಅಳೆಯಬೇಕಿತ್ತು. ಚೀಲದಲ್ಲೇನಿದೆ ಎಂದು ಕಂಡಕ್ಟರು ಮರಾಠಿಯಲ್ಲಿ ಕೇಳಿದರು. ಸುಳ್ಳು ಹೇಳಲು ಬಾರದ ಸರ್, "ಸ್ಫುರದ," ಎಂದರು. ಮರಾಠಿಯಲ್ಲಿ ಫಾಸ್ಫರಸ್ಸಿಗೆ ಅದು ಹೆಸರು. ಗೊಬ್ಬರದ ಚೀಲದ ಮೇಲೆ ಬರೆದಿರುತ್ತದೆ, ರೈತರಿಗೆಲ್ಲ ಗೊತ್ತು. ಕಂಡಕ್ಟರು ಬಗ್ಗಿ ಮೂಸಿದರು. "ಸರ್, ಹೇ ಸ್ಫುರದ ನಾಹೀ. ಹೀ ಲೇಂಡಿ ಆಹೇ," ಎಂದರು. ಇದು ಹಿಕ್ಕೆ ಎಂದು ಅವರ ವಾದ. ದಾರಿಯಲ್ಲಿ ಕಾಗಲ್ ಊರು ಬರುವವರೆಗೂ ಸರ್ ಅವರಿಗೆ ಎರಡೂ ಹೇಗೆ ಒಂದೇ ಎಂದು ವಿವರಿಸಿದರು. ಇಳಿಯುವಾಗ ಕಂಡಕ್ಟರು ಚೀಲವನ್ನು ತಾವೇ ಕೆಳಗಿಳಿಸಿಕೊಟ್ಟರು, ಬೇಗ ಹೋಗಲೆಂದು.

ಅವರ ಸಿಟ್ಟು ಒಂದೇ ವಿಷಯಕ್ಕೆ. ಪ್ರಯೋಗದ ಪುಸ್ತಕದಲ್ಲಿ ಕಾಣದ್ದನ್ನು ಕಂಡಂತೆ ಬರೆಯಬಾರದು. ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬ ಮೂರು ರೀಡಿಂಗುಗಳನ್ನೂ ಹನ್ನೆರಡೂವರೆ ಮಿಲಿಲೀಟರ್ ಎಂದು ಬರೆದು ತಂದಿದ್ದ. ಸರ್ ಪುಸ್ತಕವನ್ನು ದೂರ ಹಿಡಿದು ನೋಡಿದರು. "ಭಾಳ ಹೋಲಿಕಿ ಐತಿ. ಇಷ್ಟ ಹೋಲಿಕಿ ನನ್ನ ಮಕ್ಕಳ ನಡುವನೂ ಇಲ್ಲ. ಹೋಗು, ಮತ್ತ ಮಾಡಿ ಬಾ," ಎಂದರು.

ನಾನು ಇಚಲಕರಂಜಿಯವಳು. ನಮ್ಮ ತಂದೆ ಪವರ್‌ಲೂಮಿನಲ್ಲಿದ್ದರು. ಎಂ.ಎಸ್ಸಿ. ಮುಗಿಸಿ ಸರ್ ಬಳಿ ಯೋಜನಾ ಸಹಾಯಕಿಯಾಗಿ ಸೇರಿದಾಗ ಅವರು ನಿವೃತ್ತಿಗೆ ಹತ್ತಿರವಾಗಿದ್ದರು, ಮತ್ತು ಅವರ ತಲೆ ತುಂಬ ಒಂದೇ ಸಂಗತಿಯಿತ್ತು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಮೂರೂ ಸೇರಿ ಒಂದು ಸಂಶೋಧನಾ ತರಬೇತಿ ಜಾಲ. ಹೊರದೇಶದ ಬಂಡೆ ಅಗೆದು ತರುವ ಫಾಸ್ಫರಸ್ಸಿನ ಬದಲು, ನಮ್ಮ ಸುತ್ತ ಪೋಲಾಗುತ್ತಿರುವುದನ್ನೇ ಮತ್ತೆ ಬಳಸುವ ರಸಾಯನಶಾಸ್ತ್ರವನ್ನು ಕಲಿಸುವುದು. ವಿದ್ಯಾರ್ಥಿಗಳು ಕೊಲ್ಹಾಪುರದಲ್ಲಿ ಯಂತ್ರ ಕಲಿಯಬೇಕು, ಇಚಲಕರಂಜಿಯಲ್ಲಿ ಬಟ್ಟೆ ತೊಳೆದ ನೀರು, ಗಡಹಿಂಗ್ಲಜದಲ್ಲಿ ಮಣ್ಣು ಮತ್ತು ಕುರಿ.

ಮೊದಲೆರಡಕ್ಕೆ ತಕರಾರಿರಲಿಲ್ಲ. ಮೂರನೆಯದಕ್ಕಿತ್ತು. ಕೊಲ್ಹಾಪುರ ಕೇಂದ್ರದ ಮುಖ್ಯಸ್ಥೆಯಾಗಿದ್ದ ಮ್ಯಾಡಮ್, ಗಡಹಿಂಗ್ಲಜದಿಂದ ಚೀಲಗಳು ಬಂದರೆ ಸಾಕು, ಕೇಂದ್ರ ಯಾಕೆ ಎನ್ನುತ್ತಿದ್ದರು. ಯೋಜನೆಗೆ ದುಡ್ಡು ಕೊಡುವ ದಿಲ್ಲಿಯವರು ಷರತ್ತು ಹಾಕಿದ್ದರು: ಉದ್ಘಾಟನೆಗೆ ಪರಿಶೀಲಕರು ಬರುತ್ತಾರೆ; ಹೊಲ, ಕುರಿ, ನೀರು ಕೊಡುವ ಊರಿನವರು ತಿಳಿದು ಒಪ್ಪಿ ಸಹಿ ಮಾಡಿರಬೇಕು, ಕಡಿಮೆಯೆಂದರೆ ಹತ್ತು ಮನೆ. ಇಲ್ಲದಿದ್ದರೆ ಗಡಹಿಂಗ್ಲಜ ಕೇಂದ್ರವನ್ನು ಕೈಬಿಡುವುದು. ಸರ್ ಒಂಬತ್ತು ವರ್ಷದಿಂದ ಕೇಳಿಕೊಂಡು ಬಂದಿದ್ದ ಕೇಂದ್ರ ಅದು. ನನ್ನ ಪಿಎಚ್.ಡಿ. ಜಾಗ ಕೂಡ ಅಲ್ಲಿಯದೇ.

ಆಮಂತ್ರಣ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಇತ್ತು. ನಮ್ಮ ಜನ ಮನೆಯಲ್ಲಿ ಆಡುವುದು ಕನ್ನಡ, ಅದರಲ್ಲೂ ಇರಬೇಕು ಎಂದು ಸರ್ ಹಟ ಹಿಡಿದರು. ಸಂಕೇಶ್ವರದಿಂದ ಕನ್ನಡದ ಪಠ್ಯಪುಸ್ತಕ ತರಿಸಿ, ಶಬ್ದ ಶಬ್ದ ನೋಡಿ ತಾವೇ ಬರೆದರು. "ಸುಸ್ಥಿರ ರಂಜಕ ರಸಾಯನ: ಸಹಯೋಗಿ ತರಬೇತಿ ಜಾಲದ ಉದ್ಘಾಟನೆ. ಮಾದರಿ ತರುವವರು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ತರಬೇಕು. ಬಾಟಲಿಯ ಮೇಲೆ ಮನೆಯ ಹೆಸರಿರಬೇಕು." ಮಾದರಿ ಎಂದರೆ ಅವರ ಲೆಕ್ಕದಲ್ಲಿ ಮಣ್ಣು, ನೀರು.

ಪ್ರೂಫ್ ನೋಡಿದವಳು ನಾನು. ಒಂದು ಅಲ್ಪವಿರಾಮ ತಿದ್ದಿದೆ, ಒಂದು ಒತ್ತಕ್ಷರ ತಿದ್ದಿದೆ. ಆಮೇಲೆ ಮೊದಲ ಸಾಲಿನ ಎರಡನೆಯ ಶಬ್ದವನ್ನು ನೋಡುತ್ತ ಕೂತೆ. ಕರ್ನಾಟಕದೊಳಗಿನ ರೈತನಾದರೆ ಗೊಬ್ಬರದ ಚೀಲದ ಮೇಲೆ ಕನ್ನಡದಲ್ಲಿ ರಂಜಕ ಎಂದು ಓದಿರುತ್ತಾನೆ. ನಮ್ಮಲ್ಲಿ ಚೀಲಗಳ ಮೇಲೆ ಇರುವುದು ಮರಾಠಿ. ಹೊಲಕ್ಕೆ ಹಾಕುವುದು ಸ್ಫುರದ. ರೊಟ್ಟಿಗೆ ಹಚ್ಚುವುದು ರಂಜಕ. ಇದು ನನಗೆ ಗೊತ್ತಿತ್ತು. ಸರ್ ಮೇಜಿನ ಆಚೆ ಕನ್ನಡಕ ಹಣೆಗೇರಿಸಿ, ತೃಪ್ತಿಯಿಂದ ಕೂತಿದ್ದರು. "ಏನರೆ ತಪ್ಪೈತೇನವಾ ತಂಗಿ?" ಎಂದು ಕೇಳಿದರು. "ಇಲ್ರಿ ಸರ್," ಎಂದೆ.

ಉದ್ಘಾಟನೆಯ ದಿನ ಸಭಾಂಗಣದಲ್ಲಿ ಕುರ್ಚಿ ಸಾಲಲಿಲ್ಲ. ಹತ್ತಿರದ ನೂಲ ಎಂಬ ಹಳ್ಳಿಯಿಂದ ಒಂದು ಟೆಂಪೋ ತುಂಬ ಹೆಂಗಸರು, ಇಚಲಕರಂಜಿಯಿಂದ ಮಗ್ಗದವರ ಮನೆಯ ಹೆಂಗಸರು, ಎಲ್ಲರ ಕೈಯಲ್ಲೂ ಗಾಜಿನ ಬಾಟಲಿ, ಬಾಟಲಿಯ ಮೇಲೆ ಮನೆಯ ಹೆಸರು. ಬಾಗಿಲಲ್ಲಿ ಮೇಜು ಹಾಕಿಕೊಂಡಿದ್ದ ಗುಮಾಸ್ತರು, "ಹೆಸರು ನೋಂದಣಿ ರೀ, ಇಲ್ಲೊಂದ ಸಹಿ," ಎನ್ನುತ್ತ ಮೂರು ಪುಟದ ಒಪ್ಪಿಗೆ ಪತ್ರಗಳ ಕೊನೆಯ ಪುಟವನ್ನು ಮಾತ್ರ ತಿರುವಿ ಕೊಡುತ್ತಿದ್ದರು. ಇಪ್ಪತ್ತೆರಡು ಸಹಿಯಾದವು. ವೇದಿಕೆಯ ಮೇಲೆ ಕೂತ ಸರ್ ದೂರದಿಂದ ಬಾಟಲಿಗಳನ್ನು ಕಂಡು, "ನೋಡು ತಂಗಿ, ಲೇಬಲ್ ಸಹಿತ ತಂದಾರ," ಎಂದರು. "ಕೆಮ್ಮಣ್ಣು ಜಾಸ್ತಿ ಕಾಣಸ್ತೈತಿ."

ನಾನು ಪರಿಶೀಲಕರ ಪಕ್ಕ ಕೂತು, ಸರ್ ಕನ್ನಡದಲ್ಲಿ ಹೇಳುವುದನ್ನು ಅವರಿಗೆ ಹಿಂದಿಯಲ್ಲಿ ಹೇಳಬೇಕಿತ್ತು. ತೆಳ್ಳಗಿನ, ಸೌಮ್ಯ ಮನುಷ್ಯ. ಫಾಸ್ಫರಸ್ಸಿಗೆ ಇಷ್ಟು ಜನ ಸೇರಿದ್ದನ್ನು ತಾವು ಎಲ್ಲೂ ಕಂಡಿಲ್ಲ ಎಂದರು. ನಾನು ತಲೆಯಾಡಿಸಿದೆ. ಅದು ನಿಜವೇ ಆಗಿತ್ತು.

ಸರ್ ಎದ್ದು ನಿಂತರು. ಕೊಟ್ಟ ಹೂಗುಚ್ಛವನ್ನು ಅಂಗೈಯಲ್ಲಿ ತೂಗಿ ಪಕ್ಕಕ್ಕಿಟ್ಟರು.

"ರಂಜಕ ಇಲ್ಲದ ಒಂದ ಜೀವಾನೂ ಬದಕೂದಿಲ್ಲ," ಎಂದರು.

ಹೆಂಗಸರು ಚಪ್ಪಾಳೆ ತಟ್ಟಿದರು.

"ಆದರ ಅದು ಕಡಿಮಿ ಆಗಾಕತ್ತೈತಿ. ನಮ್ಮ ಮೊಮ್ಮಕ್ಕಳ ಕಾಲಕ್ಕ ಇರತೈತೋ ಇಲ್ಲೋ ಹೇಳಾಕ ಬರೂದಿಲ್ಲ."

"ಖರೇ ಐತ್ರಿ," ಎಂದು ಹಿಂದಿನ ಸಾಲಿನಿಂದ ಒಬ್ಬಳು ಕೂಗಿದಳು. "ಈಗಿನ ಸೊಸ್ಯಾರು ಅರಿಯೂದ ಬಿಟ್ಟಾರ."

ಸರ್ ಅದನ್ನು ಮಣ್ಣಿನ ಬಗ್ಗೆ ಕಾಳಜಿ ಎಂದು ತಿಳಿದುಕೊಂಡು ಮುಂದುವರಿದರು. "ರಂಜಕದಾಗ ಕೆಂಪು ಅಂತೈತಿ, ಬಿಳಿ ಅಂತೈತಿ. ಕೆಂಪೀದು ಸಾಧು. ಬಿಳೀದು ಭಾಳ ಅಪಾಯ. ಗಾಳಿ ಬಡದರ ಹೊತ್ತಕೋತೈತಿ. ಅದಕ್ಕ ಅದನ್ನ ನೀರೊಳಗ ಇಡಬೇಕು."

ಸಭೆಯಲ್ಲಿ ಗುಜುಗುಜು ಎದ್ದಿತು. ಮೊದಲ ಸಾಲಿನಲ್ಲಿದ್ದ ಬಾಳವ್ವ ಎದ್ದು ನಿಂತಳು. ನೂಲದಲ್ಲಿ ಹೆಚ್ಚು ಕುರಿ ಇದ್ದ ಮನೆಯ ಯಜಮಾನ್ತಿ, ಉಳಿದವರನ್ನು ಕರೆದುಕೊಂಡು ಬಂದವಳು.

"ಸರ, ತಪ್ಪ ತಿಳಕೋಬ್ಯಾಡ್ರಿ. ನೀರಾಗ ಇಟ್ಟರ ಎರಡ ದಿನಕ್ಕ ಕೆಡತೈತಿ. ಎಣ್ಯಾಗ ಇಡಬೇಕು."

"ಎಣ್ಯಾಗ ಇಡೂದು ಸೋಡಿಯಂ, ಬಾಳವ್ವಾ," ಎಂದರು ಸರ್, ತಾಳ್ಮೆಯಿಂದ. "ಅದೂ ಚಿಮಣಿ ಎಣ್ಯಾಗ."

"ಸೋಡಾ ನಾವು ಹಾಕೂದ ಇಲ್ರಿ. ಮತ್ತ ಬಿಳೀದು ಅಂದ್ರ ಬೂಸ್ಟ ಹಿಡದದ್ದು. ಅದನ್ನ ಯಾಕ ಇಡತೀರಿ? ಚೆಲ್ಲೂದು."

"ಚೆಲ್ಲಗಿಲ್ಲೀರಿ ಮತ್ತ. ಮನೀಗೆ ಬೆಂಕಿ ಹತ್ತತೈತಿ."

ಬಾಳವ್ವ ಅಕ್ಕಪಕ್ಕ ನೋಡಿದಳು. "ಅಷ್ಟ ಖಾರ ನಮ್ಮ ಕಡೆ ಮಾಡೂದಿಲ್ರಿ," ಎಂದಳು.

ಸರ್ ಮಾತು ನಿಲ್ಲಿಸಿದರು. ವೇದಿಕೆಯಿಂದ ಇಳಿದು ಬಂದು ಕೈಚಾಚಿದರು. ಬಾಳವ್ವ ಬಾಟಲಿ ಕೊಟ್ಟಳು. ಎರಡು ಸಲ ಎತ್ತಿ ಇಳಿಸಿದರು, ಆದರೆ ತೂಕ ಹೇಳಲಿಲ್ಲ. ಮುಚ್ಚಳ ತೆಗೆದು ಮೂಸಿದರು. ಮೂವತ್ತು ವರ್ಷ ಮುಚ್ಚಿದ್ದ ಬಾಗಿಲು ಅವರ ತಲೆಯೊಳಗೆ ತೆರೆದದ್ದು ಮುಖದ ಮೇಲೆ ಕಂಡಿತು. ಮೊದಲು ಹುಬ್ಬು ಏರಿತು, ಆಮೇಲೆ ಹೆಗಲು ಅಲುಗತೊಡಗಿತು. ಸರ್ ನಗುವುದನ್ನು ನಾನು ಅದೇ ಮೊದಲ ಸಲ ನೋಡಿದೆ. ಶಬ್ದವಿರಲಿಲ್ಲ. ಕನ್ನಡಕ ಮಾತ್ರ ಜಾರಿ ಬಿತ್ತು.

ಪರಿಶೀಲಕರು ಏನಾಯಿತೆಂದು ನನ್ನನ್ನು ಕೇಳಿದರು. ಅಷ್ಟರಲ್ಲಿ ಮ್ಯಾಡಮ್ ಸರ್ ಬಳಿ ಹೋಗಿ, "ಸರ್, ಸಹ್ಯಾ ಝಾಲ್ಯಾ ಆಹೇತ. ಆತಾ ಗಪ್ಪ ಬಸಾ," ಎಂದು ಪಿಸುಗುಟ್ಟಿದರು. ಸಹಿ ಹೇಗೂ ಆಗಿವೆ, ಸುಮ್ಮನಿರಿ ಎಂದು. ಕೇಂದ್ರ ಬೇಡ ಎನ್ನುತ್ತಿದ್ದವರೇ ಅಂದು ಅಷ್ಟು ಜನರನ್ನು ನೋಡಿ ಕರಗಿದ್ದರು.

"ಸಹ್ಯಾ ಚಟಣೀಲಾ ಝಾಲ್ಯಾ, ಮ್ಯಾಡಮ್," ಎಂದರು ಸರ್. ಸಹಿ ಆಗಿದ್ದು ಚಟ್ನಿಗೆ. ನಗು ಅಷ್ಟಕ್ಕೇ ನಿಂತಿತು.

ಅವರು ಗುಮಾಸ್ತರ ಮೇಜಿನಿಂದ ಪತ್ರಗಳನ್ನು ತರಿಸಿದರು. ಒಬ್ಬೊಬ್ಬರ ಮನೆಯ ಹೆಸರು ಕೂಗಿ, ಇಪ್ಪತ್ತೆರಡನ್ನೂ ತಿರುಗಿ ಅವರ ಕೈಗೇ ಕೊಟ್ಟರು. "ಇದು ನೀವು ಓದದ ಮಾಡಿದ ಸಹಿ. ನಮಗ ಬ್ಯಾಡ," ಎಂದರು. ಆಮೇಲೆ ಪರಿಶೀಲಕರ ಮುಂದೆ ನಿಂತು, ತಮ್ಮ ಹರಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದರು. ಎರಡು ರಂಜಕದ ಕತೆ ಕೇಳಿ ಆ ಮನುಷ್ಯ ತುಂಬ ಹೊತ್ತು ನಕ್ಕರು. ನಕ್ಕು ಮುಗಿದ ಮೇಲೆ, ತಾವು ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ವರದಿ ಕಳಿಸಬೇಕು, ಅಷ್ಟರೊಳಗೆ ಹತ್ತು ಮನೆಯ ಸರಿಯಾದ ಒಪ್ಪಿಗೆ ಬರದಿದ್ದರೆ ಗಡಹಿಂಗ್ಲಜವನ್ನು ಬಿಡಬೇಕಾಗುತ್ತದೆ ಎಂದರು. ಬಾಳವ್ವ ಕೊಟ್ಟ ರಂಜಕ ತಿನ್ನಬಹುದೇ, ಖಾರವೇ ಎಂದು ನನ್ನನ್ನು ವಿಚಾರಿಸಿದರು. ನೂಲದ ಪ್ರಮಾಣದಲ್ಲಿ ಮಧ್ಯಮ ಎಂದೆ. ಮೊದಲೆರಡು ಶಬ್ದಗಳನ್ನು ಅವರು ಗಮನಿಸಲಿಲ್ಲ. ಅವರಿಗೆ ಮೊಸರು ತರಲು ಗುಮಾಸ್ತರನ್ನು ಓಡಿಸಬೇಕಾಯಿತು.

ಹೆಂಗಸರು ಏಳಲಿಲ್ಲ. ಟೆಂಪೋ ಹೊರಡಲು ಇನ್ನೂ ಹೊತ್ತಿತ್ತು, ಮತ್ತು ತಾವು ಬಂದ ಸ್ಪರ್ಧೆಯಲ್ಲಿ ಯಾರ ರಂಜಕಕ್ಕೆ ಮೊದಲ ಸ್ಥಾನವೆಂದು ತಿಳಿಯದೆ ಹೋಗಲು ಅವರು ತಯಾರಿರಲಿಲ್ಲ. ಸರ್ ಇಪ್ಪತ್ತೆರಡನ್ನೂ ರುಚಿ ನೋಡಿದರು, ಒಂದೊಂದರ ನಂತರವೂ ಒಂದು ಗುಟುಕು ನೀರು ಕುಡಿದು, ಕ್ರಮಸಂಖ್ಯೆ ಹಾಕಿ ಬರೆದುಕೊಂಡು. ಹನ್ನೊಂದನೆಯದರಿಂದ ಅಕ್ಷರಗಳು ದೊಡ್ಡವಾಗುತ್ತ ಹೋದವು. ಕೊನೆಗೆ, "ಎಂಟರ ಮ್ಯಾಲ ನನ್ನ ನಾಲಗಿ ನಂಬೂ ಹಂಗಿಲ್ಲ. ಫಲಿತಾಂಶ ರದ್ದು," ಎಂದರು. ಹೆಂಗಸರು ಬೈದರು.

ಆಮೇಲೆ ಸರ್ ಹೆಂಗಸರಿಗೆ ತಮ್ಮ ರಂಜಕ ತೋರಿಸಿದರು. ಕುರಿ ಹಿಕ್ಕೆಯನ್ನು ಆಮ್ಲದಲ್ಲಿ ನೆನೆಸಿ ಸೋಸಿದ ನೀರಿಗೆ ಎರಡು ದ್ರಾವಣ ಹಾಕಿ ಕಾದರೆ, ಫಾಸ್ಫರಸ್ ಇದ್ದಲ್ಲಿ ನೀಲಿ ಬಣ್ಣ ಬರುತ್ತದೆ. ಬಂತು.

"ನಿಮ್ದು ನೀಲಿ, ನಮ್ದು ಕೆಂಪು," ಎಂದಳು ಬಾಳವ್ವ. ಸ್ವಲ್ಪ ಹೊತ್ತು ನಳಿಕೆಯನ್ನೇ ನೋಡಿದಳು. "ನಮ್ಮ ಮೆಣಸಿನಗಿಡದ ಹೊಲದಾಗ ಬ್ಯಾಸಗ್ಯಾಗ ಕುರಿ ಕೂಡಸ್ತೀವಿ. ಆ ಹಿಕ್ಕಿ ಉಂಡ ಬೆಳದ ಗಿಡ ಅದು. ಹಂಗಾರ ನಿಮ್ಮ ರಂಜಕ ನಮ್ಮ ರಂಜಕದಾಗ ಇರಬೇಕಲ್ಲ?"

ಸರ್ ಕುರ್ಚಿ ಎಳೆದುಕೊಂಡು ಅವಳ ಎದುರು ಕೂತರು. "ಇರಬೇಕು," ಎಂದರು.

"ಇರಬೇಕು ಅಂದ್ರ ಆಗೂದಿಲ್ಲ. ತೋರಸ್ರಿ. ಆಮ್ಯಾಲ ಸಹಿ ಮಾತ."

"ಇವತ್ತ ಆಗೂದಿಲ್ಲ. ಕೆಂಪು ಬಣ್ಣ ಅಡ್ಡ ಬರತೈತಿ. ಮೊದಲ ಸುಟ್ಟು ಬೂದಿ ಮಾಡಬೇಕು."

"ನನ್ನ ರಂಜಕ ಸುಡತೀರಿ?"

"ಒಂದ ಚಮಚಾ."

ಬಾಳವ್ವ ಒಂದು ಚಮಚ ಅಳೆದು ಕೊಟ್ಟಳು, ಚಮಚದ ಮೇಲೆ ಗೋಪುರವಾಗದಂತೆ ಬೆರಳಿನಿಂದ ಸವರಿ.

ರಂಜಕ ಸುಡುವುದು ಎಂದರೆ ಏನೆಂದು ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಸೀದದ್ದನ್ನು ಕಂಡವರಿಗೆ ಹೇಳಬೇಕಿಲ್ಲ. ಹೊಗೆ ಎಳೆಯುವ ಪೆಟ್ಟಿಗೆಯ ಫ್ಯಾನು ಅರ್ಧ ಕೆಟ್ಟಿತ್ತು. ಸಂಜೆ ಐದೂವರೆಗೆ ಇಡೀ ರಸಾಯನಶಾಸ್ತ್ರ ವಿಭಾಗ ಖಾಲಿಯಾಯಿತು. ಪಕ್ಕದ ಗಣಿತ ವಿಭಾಗದವರು ಕೆಮ್ಮುತ್ತ ಬಂದು ಬೈದು ಹೋದರು. ಸರ್ ಮತ್ತು ನಾನು ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡು, ಮೂಸೆಯಲ್ಲಿದ್ದದ್ದು ಕರಿಯಾಗುವುದನ್ನು ಕಾಯುತ್ತ ನಿಂತೆವು. ಇಬ್ಬರ ಕಣ್ಣಲ್ಲೂ ಧಾರೆ. ಎದುರಿನವರ ಮುಖ ಸರಿಯಾಗಿ ಕಾಣದಿದ್ದುದರಿಂದಲೇ ನಾನು ಮಾತಾಡಿದೆ.

"ಸರ್, ಪ್ರೂಫ್ ನೋಡುವಾಗನ ನನಗ ಗೊತ್ತಾಗಿತ್ತು."

"ಏನು?"

"ಜನ ಚಟ್ನಿ ಅಂತ ತಿಳಕೋತಾರ ಅಂತ."

ಸರ್ ಇಕ್ಕಳದಿಂದ ಮೂಸೆಯನ್ನು ತಿರುಗಿಸಿ ಇಟ್ಟರು. "ನಾ ಬೈತೇನಿ ಅಂತ ಹೆದರಿದೇನವಾ?"

"ಇಲ್ರಿ. ಹೇಳಿದರ ನಾ ನಿಮ್ಮ ಮುಂದ ನಗಬೇಕಾಗ್ತಿತ್ತು."

ಅವರು ಸ್ವಲ್ಪ ಹೊತ್ತು ಕೆಮ್ಮಿದರು. "ನಗಬೇಕಾಗಿತ್ತು," ಎಂದರು. "ಕಂಡದ್ದು ಬರೀಲಿಲ್ಲ ಅಂದ್ರ, ಕಾಣದ್ದು ಬರದಷ್ಟ ತಪ್ಪು. ನಿನಗ ಇದನ್ನ ನಾ ಹೇಳಿಕೊಟ್ಟೇನಿ ಅಂತ ತಿಳದಿದ್ದೆ." ಸಿಟ್ಟಿನ ದನಿಯಲ್ಲ. ತಾವೇ ಪಾಠದ ಒಂದು ಪುಟ ಬಿಟ್ಟಿದ್ದು ಈಗ ನೆನಪಾದವರಂತೆ. ಮೂಸೆಯನ್ನು ಭಟ್ಟಿಯೊಳಗಿಟ್ಟು, ರಾತ್ರಿ ತಾನೇ ಆರುವಂತೆ ಟೈಮರ್ ತಿರುಗಿಸಿ, ಬಾಗಿಲು ಹಾಕಿಕೊಂಡು ಹೊರಟೆವು. ಗೇಟಿನ ಬಳಿ ಅವರು, "ನಾಳೆ ನೂಲಕ್ಕ ನಾ ಬರೂದಿಲ್ಲ. ನಾ ಹೋದರ ನನ್ನ ಮುಖ ನೋಡಿ ಸಹಿ ಮಾಡತಾರ. ನೀ ಹೋಗು," ಎಂದರು.

ಮರುದಿನ ಬೆಳಿಗ್ಗೆ ಏಳಕ್ಕೆ ಭಟ್ಟಿ ತೆರೆದೆ. ಮೂಸೆಯ ತಳದಲ್ಲಿ ಚಿಟಿಕೆಯಷ್ಟು ಬೂದು ಬಣ್ಣದ ಪುಡಿ ಇತ್ತು. ಆಮ್ಲದಲ್ಲಿ ಕರಗಿಸಿ, ಸೋಸಿ, ದ್ರಾವಣ ಹಾಕಿ, ಗಡಿಯಾರ ನೋಡುತ್ತ ಹತ್ತು ನಿಮಿಷ ಕಾದೆ. ನೀಲಿ ಬಂತು. ಪುಟ್ಟ ಬಾಟಲಿಗೆ ಸುರಿದು, ಹೊಸ ಒಪ್ಪಿಗೆ ಪತ್ರಗಳೊಂದಿಗೆ ಚೀಲದಲ್ಲಿಟ್ಟುಕೊಂಡು ನೂಲದ ಬಸ್ಸು ಹಿಡಿದೆ.

ಬಾಳವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಒಂಬತ್ತು ಮನೆಯವರು ಆಗಲೇ ಸೇರಿದ್ದರು. "ತೋರಸು," ಎಂದಳು.

"ಮೊದಲ ಓದತೇನ್ರಿ," ಎಂದೆ. "ಆಮ್ಯಾಲ ತೋರಸ್ತೇನಿ."

"ಮೂರ ಪುಟಾನೂ?"

"ಮೂರೂ."

ಇಷ್ಟು ಜನರ ಮುಂದೆ ನಾನು ಅದುವರೆಗೆ ಜೋರಾಗಿ ಏನನ್ನೂ ಓದಿರಲಿಲ್ಲ. ರಂಜಕ ಎಂದು ಇದ್ದಲ್ಲೆಲ್ಲ, "ಅಂದರ ಸ್ಫುರದ, ನಿನ್ನೆ ನೋಡಿದ ನೀಲಿ," ಎಂದು ಸೇರಿಸುತ್ತ ಓದಿದೆ. ಹೊಲದ ಮಣ್ಣು ಎಷ್ಟು ತೆಗೆಯುತ್ತೇವೆ, ಯಾರು ಬಂದು ಇರುತ್ತಾರೆ, ಬೇಡವೆನಿಸಿದರೆ ಹೇಗೆ ಬಿಡುವುದು. ಎರಡನೆಯ ಪುಟದಲ್ಲಿದ್ದಾಗ ಇಬ್ಬರು ಬಂದರು, ಮೊದಲಿನಿಂದ ಓದಿದೆ. ಮೂರನೆಯದರಲ್ಲಿದ್ದಾಗ ಇನ್ನೊಬ್ಬಳು ಸೊಸೆಯನ್ನು ಕರೆದುಕೊಂಡು ಬಂದಳು. ಮತ್ತೆ ಮೊದಲಿನಿಂದ. "ಈಕಿ ನಮ್ಮನ್ನೂ ಪಾಸ್ ಮಾಡಸ್ತಾಳ," ಎಂದು ಯಾರೋ ಅಂದರು.

ಮುಗಿದಾಗ ಬಾಳವ್ವ ಒಂದೇ ಪ್ರಶ್ನೆ ಕೇಳಿದಳು. "ಬಂದ ಇರೂ ಹುಡುಗೀರು ಕುರಿ ಹಿಂದ ಅಡ್ಡಾಡ್ತಾರೇನು?"

"ಮೊದಲ ನಾನ ಬರತೇನ್ರಿ," ಎಂದೆ.

ಅವಳು ನನ್ನ ಚಪ್ಪಲಿ ನೋಡಿದಳು. "ಇದರಾಗ ಆಗೂದಿಲ್ಲ," ಎಂದು ಹೇಳಿ, ನೀಲಿ ನೋಡುವ ಮೊದಲೇ ಪೆನ್ನು ತೆಗೆದುಕೊಂಡಳು. ಪೆನ್ನು ಕಟ್ಟೆಯ ತುದಿಯವರೆಗೂ ಹೋಗಿ ಬಂತು. ಇಬ್ಬರು ಬೇಡವೆಂದರು, ಹನ್ನೊಂದು ಮನೆಯವರು ಸಹಿ ಮಾಡಿದರು. ಆಮೇಲೆ ಬಾಟಲಿ ತೆಗೆದು ಬಿಸಿಲಿಗೆ ಹಿಡಿದೆ. ಒಬ್ಬೊಬ್ಬರೂ ನೋಡುವವರೆಗೆ ಹಿಡಿದುಕೊಂಡೇ ನಿಂತೆ.

ಹನ್ನೊಂದು ಗಂಟೆಗೆ, ವರದಿ ಹೋಗಲು ಇನ್ನೂ ಒಂದು ತಾಸಿರುವಾಗ, ಸರ್‌ಗೆ ಫೋನು ಮಾಡಿದೆ. ಹನ್ನೊಂದು ಸಹಿ, ಎರಡು ನಿರಾಕರಣೆ ಎಂದು ಹೇಳಿದೆ. ಆ ಕಡೆಯಿಂದ ಅವರು ಬರೆದುಕೊಳ್ಳುವ ಸದ್ದು ಕೇಳಿಸಿತು. ಬರೆದು ಮುಗಿಯುವವರೆಗೆ ಕಾದೆ. ಆಮೇಲೆ, ಎಣ್ಣೆಯಲ್ಲಿ ಇಡುವುದು ಸೋಡಿಯಂ ಎಂದು ಅವರು ಬಾಳವ್ವನಿಗೆ ಹೇಳಿದ್ದನ್ನು ನೆನಪಿಸಿ, ಅವರಿಗೆ ಕೇಳುವ ಹಾಗೆ ನಕ್ಕೆ.